ಥಾಯ್ಲೆಂಡಿನ ನೀರ ಸಂತೆ: ಯಾವುದಕ್ಕೆ ಹೋಗಬೇಕು, ಹೇಗೆ ಹೋಗಬೇಕು, ಏನು ತಿನ್ನಬೇಕು

ಥಾಯ್ಲೆಂಡಿನ ನೀರ ಸಂತೆಗೆ, ಅಂದರೆ ಕಾಲುವೆಯಲ್ಲಿ ದೋಣಿಗಳ ಮೇಲೆ ನಡೆಯುವ ಸಂತೆಗೆ, ಮೊದಲ ಸಲ ಹೋದಾಗ ನಾನು ಚೆನ್ನಾಗಿ ಟೋಪಿ ಹಾಕಿಸಿಕೊಂಡೆ. ಬ್ಯಾಂಕಾಕಿನಿಂದ ಟ್ಯಾಕ್ಸಿಯಲ್ಲಿ ಹೊರಟಿದ್ದೆವು. ಸಂತೆ ಇನ್ನೂ ಒಂದೆರಡು ಕಿಲೋಮೀಟರ್ ಇರುವಾಗಲೇ ಡ್ರೈವರ್ ಒಂದು ದೋಣಿಕಟ್ಟೆಯ ಮುಂದೆ ನಿಲ್ಲಿಸಿ, ಇಲ್ಲಿಂದ ಮುಂದೆ ದೋಣಿಯಲ್ಲೇ ಹೋಗಬೇಕು ಎಂದ. ಕೌಂಟರಿನಲ್ಲಿದ್ದಾಕೆ ಲ್ಯಾಮಿನೇಟ್ ಮಾಡಿದ ದರಪಟ್ಟಿ ತೋರಿಸಿದಳು: ಒಬ್ಬರಿಗೆ 2000 ಬಾತ್. ನಾವು ಮೂವರು. ಚೌಕಾಸಿ ಮಾಡಿ ಎಲ್ಲರಿಗೂ ಸೇರಿ 3000ಕ್ಕೆ ಇಳಿಸಿ, ಗೆದ್ದೆವು ಅಂದುಕೊಂಡೆವು. ಅರ್ಧ ಗಂಟೆ ಆದ ಮೇಲೆ ನೋಡಿದರೆ, ಕಾಲುವೆಯ ದಂಡೆಯ ಮೇಲೆ ಜನ ಆರಾಮಾಗಿ ನಡೆದುಕೊಂಡು ಸಂತೆ ಸುತ್ತುತ್ತಿದ್ದಾರೆ! ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ.

ಆಮೇಲೆ ಎರಡು ಸಲ ಹೋಗಿ ಬಂದೆ. ಈಗ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ನೀರ ಸಂತೆಯ ಮಜಾ ದೋಣಿ ಸವಾರಿಗಿಂತ ದಂಡೆಯ ಮೆಟ್ಟಿಲ ಮೇಲೆ ಕೂತು ತಿನ್ನುವುದರಲ್ಲಿ ಜಾಸ್ತಿ.

ಮೊದಲು ಸಂತೆ ಆರಿಸಿಕೊಳ್ಳಿ

ಥಾಯ್ ಭಾಷೆಯಲ್ಲಿ ಇದಕ್ಕೆ "ತಲಾತ್ ನಾಮ್" ಎನ್ನುತ್ತಾರೆ. ತಲಾತ್ ಅಂದರೆ ಸಂತೆ, ನಾಮ್ ಅಂದರೆ ನೀರು. ಕಾಲುವೆಗೆ "ಖ್ಲೋಂಗ್". ರಸ್ತೆ ಬರುವ ಮುಂಚೆ ಬ್ಯಾಂಕಾಕ್ ಸುತ್ತಲಿನ ಬಯಲಿನಲ್ಲಿ ಓಡಾಟವೆಲ್ಲ ಕಾಲುವೆಯಲ್ಲೇ. ತೋಟದವರು ತೆಂಗು, ಬಾಳೆ, ಸೊಪ್ಪು ಎಲ್ಲ ದೋಣಿಗೆ ಹಾಕಿಕೊಂಡು ಒಂದು ಕಡೆ ಸೇರುತ್ತಿದ್ದರು. ಕಳೆದ ಶತಮಾನದ 60-70ರ ದಶಕಗಳಲ್ಲಿ ರಸ್ತೆಗಳು ಬಂದವು, ದೋಣಿಗಳು ಕಡಿಮೆಯಾದವು. ಇವತ್ತು ಉಳಿದಿರುವ ಸಂತೆಗಳಲ್ಲಿ ಕೆಲವು ಪೂರ್ತಿ ಪ್ರವಾಸಿಗರಿಗಾಗಿ ನಡೆಯುತ್ತವೆ, ಕೆಲವಕ್ಕೆ ಊರಿನವರೂ ಬರುತ್ತಾರೆ. ಇದು ಗೊತ್ತಿಲ್ಲದೆ ಹೋದರೆ ನಿರಾಸೆ ಖಂಡಿತ.

ದಮ್ನೆನ್ ಸದುವಾಕ್: ಪೋಸ್ಟರುಗಳಲ್ಲಿ ನೀವು ನೋಡಿರುವುದು ಇದನ್ನೇ. ಬ್ಯಾಂಕಾಕಿನಿಂದ ಸುಮಾರು 100 ಕಿ.ಮೀ., ರಾಚ್ಚಬುರಿ ಪ್ರಾಂತ್ಯದಲ್ಲಿ. (ರಾಚ್ಚಬುರಿ ಅಂದರೆ ನಮ್ಮ ರಾಜಪುರಿಯೇ.) 1860ರ ದಶಕದಲ್ಲಿ ನಾಲ್ಕನೇ ರಾಮ ದೊರೆ ಮೇಕ್ಲೋಂಗ್ ಮತ್ತು ಥಾ ಚಿನ್ ನದಿಗಳನ್ನು ಜೋಡಿಸಲು ತೋಡಿಸಿದ, ಸುಮಾರು 32 ಕಿ.ಮೀ. ಉದ್ದದ ಕಾಲುವೆ ಇದು. ಹೆಸರಿನ ಅರ್ಥವೇ "ಸಲೀಸಾದ ಓಡಾಟ" ಅಂತ. ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿನ ಟ್ರಾಫಿಕ್ ಜಾಮ್ ನೋಡಿದರೆ ನಗು ಬರುತ್ತದೆ. ವಾರದ ಎಲ್ಲ ದಿನ ಇರುವುದು ಇದರ ದೊಡ್ಡ ಅನುಕೂಲ.

ಅಂಫವಾ: ಸಮುತ್ ಸೊಂಗ್‌ಖ್ರಾಮ್ ಪ್ರಾಂತ್ಯದಲ್ಲಿದೆ. ಈ ಹೆಸರನ್ನು ಬಿಡಿಸಿದರೆ ಸಮುದ್ರ, ಸಂಗ್ರಾಮ! ಥಾಯ್ಲೆಂಡಿನ ಅತಿ ಚಿಕ್ಕ ಪ್ರಾಂತ್ಯ. ಅಂಫವಾ ಸಂತೆ ಶುಕ್ರವಾರ, ಶನಿವಾರ, ಭಾನುವಾರ ಮಾತ್ರ, ಅದೂ ಮಧ್ಯಾಹ್ನದ ಮೇಲೆ ರಾತ್ರಿವರೆಗೆ. ಬ್ಯಾಂಕಾಕಿನ ಕುಟುಂಬಗಳೇ ವಾರಾಂತ್ಯಕ್ಕೆ ಇಲ್ಲಿಗೆ ಬರುತ್ತವೆ. ಕಾಲುವೆಯ ಎರಡೂ ಬದಿ ಹಳೆಯ ಮರದ ಮನೆಗಳು, ಮೆಟ್ಟಿಲಿಗೆ ತಾಗಿ ನಿಂತ ದೋಣಿಗಳಲ್ಲಿ ಸಿಗಡಿ, ಕಪ್ಪೆಬೊಂಡಾಸ್ (ಸ್ಕ್ವಿಡ್ ಜಾತಿಯ ಕಡಲಜೀವಿ) ಸುಡುವ ಹೊಗೆ.

ಥಾ ಖಾ: ಅಂಫವಾಕ್ಕೆ ಹತ್ತಿರ, ಚಿಕ್ಕದು, ಬೆಳಗಿನ ಹೊತ್ತು. ಹಿಂದಿನಿಂದ ಇಲ್ಲಿ ಸಂತೆ ಸೇರುವುದು ಚಾಂದ್ರಮಾನದ ಲೆಕ್ಕದಲ್ಲಿ: ಶುಕ್ಲ ಮತ್ತು ಕೃಷ್ಣ ಪಕ್ಷಗಳ ಬಿದಿಗೆ, ಸಪ್ತಮಿ, ದ್ವಾದಶಿಗಳಂದು. ಈಗ ವಾರಾಂತ್ಯದಲ್ಲೂ ಇರುತ್ತದೆ. ಗದ್ದಲ ಬೇಡ, ತೋಟದ ನಡುವೆ ಸುಮ್ನೆ ಕೂರಬೇಕು ಅನ್ನುವವರಿಗೆ ನನ್ನ ಓಟು ಇದಕ್ಕೇ.

ತಲಿಂಗ್ ಚಾನ್ ಮತ್ತು ಖ್ಲೋಂಗ್ ಲಾತ್ ಮಯೋಮ್: ಎರಡೂ ಬ್ಯಾಂಕಾಕಿನ ಒಳಗೇ, ಮುಖ್ಯವಾಗಿ ವಾರಾಂತ್ಯದ ಸಂತೆಗಳು. ದೋಣಿಗಳು ಕಡಿಮೆ, ಊಟ ಜಾಸ್ತಿ. ಅರ್ಧ ದಿನ ಮಾತ್ರ ಇದ್ದರೆ ಇಲ್ಲಿಗೇ ಹೋಗಿ, ಊರು ದಾಟುವ ತಾಪತ್ರಯ ಬೇಡ.

ಪಟ್ಟಾಯದಲ್ಲೂ ಒಂದಿದೆ. ಅದು 2008ರಲ್ಲಿ ಪ್ರವಾಸಿಗರಿಗೆಂದೇ ಕಟ್ಟಿದ್ದು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ದಿನ ಮತ್ತು ಹೊತ್ತು

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನಗಳಿವೆ, ನಾಲ್ಕು ಗಂಟೆಯೊಳಗೆ ಇಳಿಯುತ್ತೀರಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ವಾರವೇ ನೋಡಿಕೊಳ್ಳಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯವಾಗಿದೆ. ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಇದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ ಸೈಟ್ ಅಲ್ಲ.

ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಸುಮ್ಮನೆ ಓದಿ ಬಿಡುವ ವಿಷಯ ಅಲ್ಲ ಇದು. ದಮ್ನೆನ್ ಸದುವಾಕ್ ಚೆನ್ನಾಗಿ ಕಾಣಬೇಕಾದರೆ ಬೆಳಿಗ್ಗೆ 7ರಿಂದ 8ರ ನಡುವೆ ಅಲ್ಲಿರಬೇಕು. ಅದಕ್ಕೆ ಬ್ಯಾಂಕಾಕಿನಲ್ಲಿ 5 ಗಂಟೆಗೆ ಹೊರಡಬೇಕು. ನಿಮ್ಮ ದೇಹಕ್ಕೆ ಅದು ಮೂರೂವರೆ! ಹಾಗಾಗಿ ಇಳಿದ ಮರುದಿನವೇ ಈ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಒಂಬತ್ತೂವರೆ ಆಗುತ್ತಿದ್ದಂತೆ ಟೂರ್ ಬಸ್ಸುಗಳು ಬಂದು ನಿಲ್ಲುತ್ತವೆ. ಆಮೇಲೆ ಕಾಣುವುದು ಬರೀ ಸೆಲ್ಫಿ ಕೋಲುಗಳು.

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಏಪ್ರಿಲ್‌ನಲ್ಲಿ ಉರಿಬಿಸಿಲು, ಆದರೆ ಮಾವಿನ ಕಾಲ. ಏಪ್ರಿಲ್ 13ರಿಂದ 15 ಅವರ ಹೊಸ ವರ್ಷ ಸೊಂಗ್‌ಕ್ರಾನ್, ಅಂದರೆ ಸಂಕ್ರಾಂತಿ. ಆಗ ಬಸ್ಸು, ವ್ಯಾನು ಎಲ್ಲ ತುಂಬಿ ತುಳುಕುತ್ತವೆ.

ಹೋಗುವ ದಾರಿ

ಅಗ್ಗದ ದಾರಿ ಬ್ಯಾಂಕಾಕಿನ ದಕ್ಷಿಣ ಬಸ್ ನಿಲ್ದಾಣದಿಂದ. ಟ್ಯಾಕ್ಸಿಯವರಿಗೆ "ಸಾಯ್ ತಾಯ್ ಮಾಯ್" ಎಂದು ಹೇಳಿ. ಅಲ್ಲಿಂದ ದಮ್ನೆನ್ ಸದುವಾಕ್‌ಗೂ, ಅಂಫವಾಕ್ಕೂ, ಅದರ ಹತ್ತಿರದ ಮೇಕ್ಲೋಂಗ್ ಊರಿಗೂ ಮಿನಿವ್ಯಾನ್ ಸಿಗುತ್ತದೆ. ಆಳಿಗೆ ನೂರು ಬಾತ್ ಆಸುಪಾಸು, ಎರಡು ಗಂಟೆ ಹತ್ತಿರದ ಪ್ರಯಾಣ. ದೊಡ್ಡ ಸೂಟ್‌ಕೇಸಿಗೆ ಜಾಗವಿರುವುದಿಲ್ಲ.

ಟ್ಯಾಕ್ಸಿ ಅಥವಾ ಆ್ಯಪ್ ಕಾರಿನಲ್ಲಿ ಹೋಗುವವರು ಮ್ಯಾಪಿನಲ್ಲಿ ಸಂತೆಯ ನಡುಭಾಗಕ್ಕೇ ಪಿನ್ ಹಾಕಿ ತೋರಿಸಿ. ಮಧ್ಯದಲ್ಲಿ ಯಾವ ದೋಣಿಕಟ್ಟೆಯ ಮುಂದೆ ನಿಲ್ಲಿಸಿದರೂ ಇಳಿಯಬೇಡಿ. "ತಲಾತ್ ನಾಮ್, ತಲಾತ್ ನಾಮ್" ಎನ್ನುತ್ತಾ ಸೀಟಿನಲ್ಲೇ ಕೂತಿರಿ. ಅಂಥ ಕಟ್ಟೆಗಳಿಂದ ಗಿರಾಕಿ ತಂದ ಡ್ರೈವರಿಗೆ ಕಮಿಷನ್ ಸಿಗುತ್ತದೆ, ಅಷ್ಟೇ ಕಥೆ.

ನನಗೆ ಇಷ್ಟವಾದದ್ದು ಅಂಫವಾ ಕಡೆಗೆ ಹೋಗುವ ರೈಲಿನ ದಾರಿ. ಬ್ಯಾಂಕಾಕಿನ ವೊಂಗ್‌ವಿಯನ್ ಯಾಯ್ ಎಂಬ ಪುಟ್ಟ ಸ್ಟೇಷನ್ನಿನಿಂದ ಮಹಾಚಾಯ್‌ವರೆಗೆ ಒಂದು ಗಂಟೆ. ಇಳಿದು, ಮೀನು ಮಾರ್ಕೆಟ್ಟಿನ ವಾಸನೆಯಲ್ಲೇ ನಡೆದು, ದೋಣಿಯಲ್ಲಿ ಥಾ ಚಿನ್ ನದಿ ದಾಟಬೇಕು. ಆಚೆ ದಡದ ಬಾನ್ ಲೇಮ್ ಸ್ಟೇಷನ್ನಿನಲ್ಲಿ ಇನ್ನೊಂದು ರೈಲು, ಅಲ್ಲಿಂದ ಮೇಕ್ಲೋಂಗ್‌ಗೆ ಇನ್ನೊಂದು ಗಂಟೆ, ಉಪ್ಪಿನಗದ್ದೆಗಳನ್ನು ನೋಡುತ್ತಾ. ಎಲ್ಲ ಸೇರಿ ಟಿಕೆಟ್ಟಿಗೆ ಒಂದು ಕಾಫಿಯ ದುಡ್ಡೂ ಆಗುವುದಿಲ್ಲ. ಆದರೆ ಈ ಎರಡನೆಯ ರೈಲು ದಿನಕ್ಕೆ ನಾಲ್ಕೇ ಸಲ. ಒಂದು ತಪ್ಪಿದರೆ ಮೂರು ಗಂಟೆ ಕಾಯಬೇಕಾದೀತು, ಹಿಂದಿನ ದಿನವೇ ವೇಳಾಪಟ್ಟಿ ನೋಡಿ.

ಮೇಕ್ಲೋಂಗ್ ಸ್ಟೇಷನ್ ಸಮೀಪಿಸಿದಾಗ ರೈಲು ಸಂತೆಯ ಮಧ್ಯದಲ್ಲೇ ನುಗ್ಗುತ್ತದೆ. ಹಳಿಯ ಮೇಲೇ ತರಕಾರಿ, ಮೀನು, ಮೆಣಸಿನಕಾಯಿ ಹರಡಿರುತ್ತಾರೆ. ಹಾರನ್ ಕೇಳಿಸಿದ ಕೂಡಲೇ ಬಿಸಿಲಿಗೆ ಕಟ್ಟಿದ ಚಪ್ಪರವನ್ನು ಕೋಲಿನಿಂದ ಹಿಂದಕ್ಕೆ ಮಡಚುತ್ತಾರೆ, ಚಕ್ರ ಹಾಕಿದ ತಟ್ಟೆಗಳನ್ನು ಒಳಕ್ಕೆ ಎಳೆಯುತ್ತಾರೆ. ಗಿಡ್ಡ ಬುಟ್ಟಿಗಳನ್ನು ಮಾತ್ರ ಮುಟ್ಟುವುದಿಲ್ಲ. ರೈಲು ಅವುಗಳ ಮೇಲೇ ಹಾದುಹೋಗುತ್ತದೆ, ಒಂದು ಟೊಮ್ಯಾಟೊ ಕೂಡ ಅಲುಗುವುದಿಲ್ಲ. ಬೋಗಿ ದಾಟಿದ ಅರೆಕ್ಷಣದಲ್ಲಿ ಚಪ್ಪರ ವಾಪಸ್. ಊರಿನವರು ಇದನ್ನು "ಕೊಡೆ ಮಡಚುವ ಸಂತೆ" ಎನ್ನುತ್ತಾರೆ. ಅಲ್ಲಿಂದ ಅಂಫವಾಕ್ಕೆ ಸೊಂಗ್‌ಥೇವ್ ಸಿಗುತ್ತದೆ, ಅಂದರೆ ಎರಡು ಬದಿ ಬೆಂಚು ಹಾಕಿದ ಪಿಕಪ್ ಗಾಡಿ. ಹದಿನೈದು ನಿಮಿಷ ಸಾಕು.

ದೋಣಿ ಹತ್ತುವ ಮುಂಚೆ

ದಮ್ನೆನ್ ಸದುವಾಕ್‌ನಲ್ಲಿ ಎರಡು ಬಗೆ ದೋಣಿ. ಒಂದು ಹುಟ್ಟು ಹಾಕುವ ಮರದ ದೋಣಿ. ಇನ್ನೊಂದು "ರುವಾ ಹಾಂಗ್ ಯಾವ್", ಬಾಲದಂತೆ ಉದ್ದ ಕೊಳವೆಯ ಮೋಟರಿನದು. ಮೋಟರ್ ದೋಣಿ ಸುತ್ತಲಿನ ತೋಟದ ಕಾಲುವೆಗಳಿಗೆ ಸರಿ. ಸಂತೆಯ ಒಳಗೆ ಅದು ಬರೀ ಗದ್ದಲ, ಮೈಮೇಲೆ ನೀರು.

ಹುಟ್ಟಿನ ದೋಣಿಯನ್ನು ಸಂತೆಯ ನಡುವಿನ ಮೆಟ್ಟಿಲಿನಿಂದಲೇ ಹಿಡಿಯಿರಿ. ಅರ್ಧ ಗಂಟೆಗೆ ಆಳಿಗೆ 150-200 ಬಾತ್ ಆಸುಪಾಸು ಆದರೆ ಸರಿಯಾದ ದರ. ದರ ಆಳಿಗೋ ದೋಣಿಗೋ, ಎಷ್ಟು ಹೊತ್ತಿಗೆ, ಇವೆರಡನ್ನು ಬೆರಳು ತೋರಿಸಿ, ಫೋನಿನಲ್ಲಿ ಅಂಕಿ ಒತ್ತಿ ಖಚಿತ ಮಾಡಿಕೊಂಡ ಮೇಲೆಯೇ ಕಾಲಿಡಿ. ದುಡ್ಡು ಇಳಿಯುವಾಗ ಕೊಡಿ.

ಹತ್ತುವಾಗ ದೋಣಿಯ ಮಧ್ಯಕ್ಕೆ ಕಾಲಿಟ್ಟು ತಕ್ಷಣ ಕೂತುಬಿಡಿ. ಕೂತ ಮೇಲೆ ಕೈ ಮಡಿಲಲ್ಲಿ ಇರಲಿ. ಅಂಚು ಹಿಡಿದುಕೊಳ್ಳುವುದು ಎಲ್ಲರಿಗೂ ಅಭ್ಯಾಸ, ಆದರೆ ಇಲ್ಲಿ ದೋಣಿಗೆ ದೋಣಿ ಢಿಕ್ಕಿ ಹೊಡೆಯುತ್ತಲೇ ಇರುತ್ತದೆ. ಬೆರಳು ಸಿಕ್ಕಿಕೊಂಡರೆ ಗತಿ? ಮಕ್ಕಳಿಗೆ ಇದನ್ನು ಹತ್ತುವ ಮುಂಚೆಯೇ ಹೇಳಿ, ಲೈಫ್ ಜಾಕೆಟ್ ಕೇಳಿ ಹಾಕಿಸಿ. ಮಂಡಿನೋವಿನ ಅಪ್ಪ-ಅಮ್ಮ ಜೊತೆಗಿದ್ದರೆ ದಂಡೆಯೇ ವಾಸಿ. ದೋಣಿಯಲ್ಲಿ ಹಲಗೆಯ ಮೇಲೆ ಕಾಲು ಚಾಚಿ ಕೂರಬೇಕು, ಏಳುವುದು ಕಷ್ಟ.

ದಂಡೆಯ ಅಂಗಡಿಯವರ ಹತ್ತಿರ ತುದಿಗೆ ಕೊಕ್ಕೆ ಇರುವ ಉದ್ದ ಕೋಲಿರುತ್ತದೆ. ಮಾವಿನಕಾಯಿ ಕೀಳುವ ದೋಟಿ ತರಹ. ನೀವು ಒಂದು ಬೀಸಣಿಗೆಯನ್ನು ಎರಡು ಸೆಕೆಂಡ್ ಜಾಸ್ತಿ ನೋಡಿದರೆ ಸಾಕು, ಆ ದೋಟಿ ಬಂದು ನಿಮ್ಮ ದೋಣಿಯನ್ನೇ ಎಳೆದುಕೊಳ್ಳುತ್ತದೆ. ಗಾಬರಿ ಬೇಡ. ನಕ್ಕು ತಲೆಯಾಡಿಸಿದರೆ ಬಿಡುತ್ತಾರೆ.

ತಿನ್ನುವುದು, ಅದರಲ್ಲೂ ಸಸ್ಯಾಹಾರಿಗಳು

ಅಲ್ಲಿಗೆ ಹೋಗಿ ಅರ್ಧ ಹೊಟ್ಟೆಯಲ್ಲಿ ವಾಪಸಾಗುವ ನಮ್ಮವರು ಬಹಳ ಜನ. ಕಾರಣ ಎರಡು: "ನಾಮ್ ಪ್ಲಾ" ಮತ್ತು "ಕಪಿ". ಮೊದಲನೆಯದು ಮೀನಿನ ರಸ, ಎರಡನೆಯದು ಸಿಗಡಿ ಅರೆದ ಪೇಸ್ಟ್. ನಮ್ಮಲ್ಲಿ ಒಗ್ಗರಣೆ ಹೇಗೋ ಹಾಗೆ ಅವರ ಅಡುಗೆಯಲ್ಲಿ ಇವು. ತರಕಾರಿ ಮಾತ್ರ ಕಾಣುತ್ತದೆ ಎಂದು ಪಪ್ಪಾಯಿ ಸಲಾಡ್ ತಗೊಂಡರೆ ಅದರಲ್ಲಿ ಮೀನಿನ ರಸವೂ, ಒಣಸಿಗಡಿಯೂ ಇರುತ್ತವೆ. ಪ್ಯಾಡ್ ಥಾಯ್ ಕೂಡ ಹಾಗೆಯೇ.

ಇಲ್ಲಿ ನೆರವಿಗೆ ಬರುವ ಪದ "ಜೇ". ಬೌದ್ಧ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡುಗೆಗೆ ಹತ್ತಿರ ಅನ್ನಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅಲ್ಲಿ ಜೇ ಊಟ ಸಿಗುತ್ತದೆ. ಉಳಿದ ಕಡೆ ಹೀಗೆ ಹೇಳಿ:

"ಕಿನ್ ಜೇ": ನಾನು ಜೇ ತಿನ್ನುವವನು.
"ಮಾಯ್ ಸಾಯ್ ನಾಮ್ ಪ್ಲಾ": ಮೀನಿನ ರಸ ಹಾಕಬೇಡಿ.
"ಮಾಯ್ ಸಾಯ್ ಕುಂಗ್": ಸಿಗಡಿ ಹಾಕಬೇಡಿ.
"ಮಾಯ್ ಸಾಯ್ ಖಾಯ್": ಮೊಟ್ಟೆ ಹಾಕಬೇಡಿ.

ಗಂಡಸರು ಕೊನೆಗೆ "ಖ್ರಾಪ್", ಹೆಂಗಸರು "ಖಾ" ಸೇರಿಸಬೇಕು. ನಮ್ಮ "ರೀ" ಇದ್ದ ಹಾಗೆ. ಥಾಯ್‌ನಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬೇರೆ. ಹಾಗಾಗಿ ಈ ಸಾಲುಗಳನ್ನು ಅನುವಾದದ ಆ್ಯಪಿನಲ್ಲಿ ಥಾಯ್ ಲಿಪಿಗೆ ಹಾಕಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ತೋರಿಸಿ.

ಕೇಳದೆಯೇ ಧೈರ್ಯವಾಗಿ ತಿನ್ನಬಹುದಾದದ್ದೂ ಬಹಳ ಇದೆ. ಮೊದಲನೆಯದು ಖನೋಮ್ ಕ್ರೋಕ್. ಥಾ ಖಾದಲ್ಲಿ ಒಬ್ಬ ಅಜ್ಜಿ ಮಾಡುತ್ತಿದ್ದುದನ್ನು ಮೆಟ್ಟಿಲ ಮೇಲೆ ಕೂತು ಕಾಲು ಗಂಟೆ ನೋಡಿದೆ. ದೋಣಿಯ ಮಧ್ಯದಲ್ಲಿ ಇದ್ದಲೊಲೆ. ಅದರ ಮೇಲೆ ಗುಳಿ ಗುಳಿ ಹಂಚು, ಥೇಟ್ ನಮ್ಮ ಪಡ್ಡಿನ ಹಂಚೇ. ಕೆಟಲಿನಿಂದ ಅಕ್ಕಿ ಹಿಟ್ಟು, ತೆಂಗಿನ ಹಾಲು ಕಲಸಿದ ಹಿಟ್ಟನ್ನು ಗುಳಿಗಳಿಗೆ ಮುಕ್ಕಾಲು ಸುರಿದಳು. ಅಂಚು ಬಿಗಿಯಾದಾಗ ಮೇಲಿಂದ ಗಟ್ಟಿ ತೆಂಗಿನ ಹಾಲು, ಅದರ ಮೇಲೆ ಒಂದು ಚಿಟಿಕೆ ಈರುಳ್ಳಿ ಹೂವಿನ ಸೊಪ್ಪು. ಮುಚ್ಚಳ. ಪಡ್ಡನ್ನು ನಾವು ತಿರುವಿ ಹಾಕುತ್ತೇವೆ, ಅವಳು ತಿರುವಲಿಲ್ಲ. ಚಮಚದಿಂದ ಅಂಚು ಬಿಡಿಸಿ, ಎರಡು ಅರ್ಧಗಳನ್ನು ಒಂದಕ್ಕೊಂದು ಕವುಚಿ, ಬಾಳೆ ಎಲೆಯ ದೊನ್ನೆಗೆ ಹಾಕಿದಳು. ಹೊರಗೆ ಗರಿಗರಿ, ಒಳಗೆ ಇನ್ನೂ ಹರಿಯುವಷ್ಟು ಮೆತ್ತಗೆ, ಸಿಹಿಯ ಹಿಂದೆ ಉಪ್ಪು. ನಾಲಿಗೆ ಸುಟ್ಟುಕೊಂಡೆ. ಎರಡನೆಯ ದೊನ್ನೆಗೂ ಹಾಗೇ ಆಯಿತು.

ಸುಟ್ಟ ಬಾಳೆಹಣ್ಣು, ಎಳನೀರು, ತೆಂಗಿನ ಹಾಲಿನ ಐಸ್‌ಕ್ರೀಮ್, ಮಾವಿನಹಣ್ಣಿನ ಜೊತೆ ಅಂಟನ್ನ, ಇವೆಲ್ಲ ಸಲೀಸು. ಹಣ್ಣಿನ ದೋಣಿಯಲ್ಲಿ ಚಕ್ಕೋತ ಕಂಡರೆ ಬಿಡಬೇಡಿ. ಸಮುತ್ ಸೊಂಗ್‌ಖ್ರಾಮ್ ಚಕ್ಕೋತಕ್ಕೆ ಹೆಸರಾದ ಜಾಗ. ಸಿಪ್ಪೆ, ನಾರು ಎಲ್ಲ ತೆಗೆದು ತೊಳೆ ಬಿಡಿಸಿಟ್ಟಿರುತ್ತಾರೆ. ದೇವನಹಳ್ಳಿ ಚಕ್ಕೋತದ ರುಚಿ ಗೊತ್ತಿರುವವರು ಹೋಲಿಸಿ ನೋಡಿ, ಜಗಳಕ್ಕೆ ಒಳ್ಳೆಯ ವಿಷಯ. ಪನ್ನೇರಳೆಗೆ ಅಲ್ಲಿ "ಚೊಂಫೂ" ಎನ್ನುತ್ತಾರೆ, ನಮ್ಮ ಜಂಬೂ ಫಲದ ಜಂಬೂವೇ ಅದು. ಹಣ್ಣಿನ ಜೊತೆ ಸಕ್ಕರೆ-ಉಪ್ಪು-ಖಾರದ ಪುಡಿ ಕೊಡುತ್ತಾರೆ.

ಮಾಂಸ ತಿನ್ನುವವರಿಗೆ "ಕುಯ್‌ತಿಯಾವ್ ರುವಾ", ಅಂದರೆ ದೋಣಿ ನೂಡಲ್ಸ್. ಅಲುಗಾಡುವ ದೋಣಿಯಲ್ಲಿ ಬಿಸಿ ಸಾರು ಚೆಲ್ಲಬಾರದೆಂದು ಬಟ್ಟಲನ್ನು ಚಿಕ್ಕದಾಗಿ ಇಟ್ಟರಂತೆ. ಸಾರು ಕಪ್ಪಗಿರುವುದಕ್ಕೆ ಅದರಲ್ಲಿ ಹಂದಿಯ ಅಥವಾ ದನದ ರಕ್ತ ಬೆರೆಸಿರುತ್ತಾರೆ, ತಿನ್ನುವ ಮುಂಚೆ ಗೊತ್ತಿರಲಿ.

ಕೊಳ್ಳುವಾಗ, ಫೋಟೊ ತೆಗೆಯುವಾಗ

ಚಿಲ್ಲರೆ ಬೇಕು. 20, 50, 100ರ ನೋಟುಗಳನ್ನು ಬ್ಯಾಂಕಾಕಿನಲ್ಲೇ ಮಾಡಿಸಿಕೊಳ್ಳಿ. ಎಟಿಎಮ್‌ನಲ್ಲಿ ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 200 ಬಾತ್‌ಗಿಂತ ಜಾಸ್ತಿ ಶುಲ್ಕ ಹಿಡಿಯುತ್ತಾರೆ. ನೋಟು ನೆಲಕ್ಕೆ ಬಿದ್ದರೆ ಕಾಲಿನಿಂದ ತುಳಿದು ಹಿಡಿಯಬೇಡಿ, ಅದರ ಮೇಲೆ ದೊರೆಯ ಚಿತ್ರವಿದೆ.

ತಿಂಡಿಗೆ ಚೌಕಾಸಿ ಮಾಡುವ ಪದ್ಧತಿಯಿಲ್ಲ. ಬಟ್ಟೆ, ಮರದ ಆನೆ, ಟೋಪಿ, ಇವುಗಳಿಗೆ ಮಾಡಲೇಬೇಕು. "ಥಾವ್ ರಾಯ್?" ಅಂದರೆ ಎಷ್ಟು. "ಲೊತ್ ದಾಯ್ ಮಾಯ್?" ಅಂದರೆ ಕಡಿಮೆ ಮಾಡ್ತೀರಾ. ದಮ್ನೆನ್ ಸದುವಾಕ್‌ನಲ್ಲಿ ಹೇಳಿದ ಬೆಲೆಯ ಅರ್ಧದಿಂದ ಶುರು ಮಾಡಿ. ಅದೇ ಆನೆ ಬ್ಯಾಂಕಾಕಿನ ಬೀದಿಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ ಅನ್ನುವುದೂ ನೆನಪಿರಲಿ.

ಫೋಟೊಗೆ ಮುಂಚೆ ಏನಾದರೂ ಕೊಳ್ಳಿ, ಆಮೇಲೆ ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳಿ. ಹೆಬ್ಬಾವನ್ನು ಕೊರಳಿಗೆ ಹಾಕಿ, ಕಾಡುಪಾಪದಂಥ ಪ್ರಾಣಿಯನ್ನು ಕೈಗಿಟ್ಟು ಫೋಟೊ ತೆಗೆಸುವವರು ಬರುತ್ತಾರೆ. ಕಾಡುಪಾಪ ರಾತ್ರಿ ಓಡಾಡುವ ಪ್ರಾಣಿ, ಹಗಲು ಬೆಳಕಿನಲ್ಲಿ ಅದಕ್ಕೆ ಹಿಂಸೆ. ಹಾಗೆ ಇಟ್ಟುಕೊಳ್ಳುವುದು ಕಾನೂನಿಗೂ ವಿರುದ್ಧ. ದುಡ್ಡು ಕೊಡಬೇಡಿ.

ತಲಿಂಗ್ ಚಾನ್‌ನಲ್ಲಿ ಮೆಟ್ಟಿಲ ಹತ್ತಿರ ದೊಡ್ಡ ದೊಡ್ಡ ಮೀನುಗಳು ಬ್ರೆಡ್ಡಿಗೆ ಮುಗಿಬೀಳುತ್ತವೆ. ದೇವಾಲಯದ ಮುಂದಿನ ನೀರಿನಲ್ಲಿ ಮೀನು ಹಿಡಿಯುವಂತಿಲ್ಲ. ಅಂಥ ಜಾಗಕ್ಕೆ "ಅಫಾಯ್ ಥಾನ್" ಎನ್ನುತ್ತಾರೆ. ಅಭಯದಾನ! ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ ಅಲ್ವಾ.

ಎರಡು ದಿನ ಇದ್ದರೆ ಹೀಗೆ ಮಾಡಿ

ಶನಿವಾರ ಬೆಳಿಗ್ಗೆ ವೊಂಗ್‌ವಿಯನ್ ಯಾಯ್‌ನಿಂದ ರೈಲು ಹಿಡಿದು, ನದಿ ದಾಟಿ, ಮೇಕ್ಲೋಂಗ್ ಸಂತೆಯ ಮಧ್ಯದಲ್ಲಿ ಇಳಿಯಿರಿ. ಮಧ್ಯಾಹ್ನ ಅಂಫವಾ. ಕಾಲುವೆಯ ದಡದಲ್ಲೇ ಮರದ ಮನೆಗಳಲ್ಲಿ ಹೋಮ್‌ಸ್ಟೇ ಇವೆ. ಶನಿವಾರ ರಾತ್ರಿಗೆ ಮುಂಚೆಯೇ ಬುಕ್ ಮಾಡದಿದ್ದರೆ ಸಿಗುವುದಿಲ್ಲ. ಬಿಸಿಲು ಇಳಿಯುವವರೆಗೆ ಬೇರುಗಳು ಸುತ್ತಿಕೊಂಡು ಗೋಡೆಯೇ ಕಾಣದಂತಾಗಿರುವ ವಾತ್ ಬಾಂಗ್ ಕುಂಗ್ ದೇವಾಲಯ ನೋಡಿ ಬನ್ನಿ, ಮಂಡಿ ಮುಚ್ಚುವ ಬಟ್ಟೆ ಇರಲಿ. ಸಂಜೆ 6ಕ್ಕೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂದು ಜನ ನಿಂತರೆ ನೀವೂ ನಿಲ್ಲಿ.

ಕತ್ತಲಾದ ಮೇಲೆ ಮಿಂಚುಹುಳು ತೋರಿಸುವ ದೋಣಿಗಳು ಹೊರಡುತ್ತವೆ. ನದಿ ಬದಿಯ ಲಂಫೂ ಮರಗಳಲ್ಲಿ ಸಾವಿರಾರು ಹುಳು ಒಟ್ಟಿಗೆ ಮಿನುಗಿ ಒಟ್ಟಿಗೆ ಆರುತ್ತವೆ. ಮಳೆಗಾಲ ಮತ್ತು ಅಮಾವಾಸ್ಯೆಯ ಆಸುಪಾಸು ಚೆನ್ನ. ಹುಣ್ಣಿಮೆಯ ದಿನ ಹೋಗಿ ಬೈದುಕೊಳ್ಳಬೇಡಿ. ಎಲ್ಲರ ಜೊತೆ ಕೂರುವ ದೋಣಿ ಅಗ್ಗ, ಆದರೆ ಮೋಟರ್ ಗದ್ದಲ. ದಡದ ಮನೆಗಳವರಿಗೆ ಇದೊಂದು ತಲೆನೋವು. ನಾಲ್ಕು ಜನ ಇದ್ದರೆ ಹುಟ್ಟಿನ ದೋಣಿ ಸಿಗುತ್ತದೋ ಎಂದು ಹೋಮ್‌ಸ್ಟೇಯವರನ್ನು ಕೇಳಿ. ಫ್ಲ್ಯಾಷ್ ಬೇಡ.

ಭಾನುವಾರ ಬೆಳಿಗ್ಗೆ ಆರಕ್ಕೇ ಏಳಿ. ಭಿಕ್ಷುಗಳು ಪುಟ್ಟ ದೋಣಿಯಲ್ಲಿ ಒಬ್ಬೊಬ್ಬರೇ ಹುಟ್ಟು ಹಾಕುತ್ತಾ ಭಿಕ್ಷೆಗೆ ಬರುತ್ತಾರೆ. ಮನೆಯವರು ಮೆಟ್ಟಿಲ ಮೇಲೆ ಮಂಡಿಯೂರಿ ಅನ್ನ, ಹಣ್ಣು ಹಾಕುತ್ತಾರೆ. ಹಿಂದಿನ ರಾತ್ರಿ ಹೇಳಿಟ್ಟರೆ ನಿಮಗೂ ತಟ್ಟೆ ರೆಡಿ ಮಾಡಿಕೊಡುತ್ತಾರೆ. ಹೆಂಗಸರು ಭಿಕ್ಷುವನ್ನು ಮುಟ್ಟಬಾರದು, ಪಾತ್ರೆಗೆ ಹಾಕಿದರೆ ಸಾಕು. ಅದು ಮುಗಿಸಿ ಥಾ ಖಾಕ್ಕೆ ಹೋಗಿ, ಖನೋಮ್ ಕ್ರೋಕ್ ತಿಂದು, ಮಧ್ಯಾಹ್ನದೊಳಗೆ ಮಿನಿವ್ಯಾನ್ ಹಿಡಿಯಿರಿ. ಭಾನುವಾರ ಸಂಜೆ ಬ್ಯಾಂಕಾಕಿನ ಕಡೆ ಹೊರಡುವ ವ್ಯಾನುಗಳಿಗೆ ಉದ್ದ ಕ್ಯೂ ಇರುತ್ತದೆ.

ಮನೆಗೆ ಏನಾದರೂ ತರಬೇಕೆಂದಿದ್ದರೆ ತೆಂಗಿನ ಹೂಗೊಂಚಲಿನ ರಸ ಕಾಯಿಸಿ ಮಾಡಿದ ಬೆಲ್ಲ ತನ್ನಿ, ಆ ಪ್ರಾಂತ್ಯದ್ದೇ ಕಸುಬು ಅದು. ಮೆತ್ತಗಿನದು ಡಬ್ಬಿಯಲ್ಲಿ ಬರುತ್ತದೆ, ಚೆಕ್-ಇನ್ ಬ್ಯಾಗಿಗೆ ಹಾಕಿ. ನಾನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಸುವರ್ಣಭೂಮಿ ಏರ್‌ಪೋರ್ಟಿನ ಸೆಕ್ಯುರಿಟಿಯಲ್ಲಿ ಒಂದು ಕಿಲೋ ಬೆಲ್ಲ ಬಿಟ್ಟು ಬಂದೆ.